ಮಲ್ಲಿಗೆಯೊಳಗೊಂದು ತೊಗಲಿನ ಕಂಪು

ಓಣಂ ರಜೆಯಲ್ಲಿ ಊರಿಗೆ ಬಂದಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದು ಒಂದು ಚಿಕ್ಕ ಸೀಸೆಯನ್ನು ಮೇಜಿನ ಮೇಲಿಟ್ಟ. ಹತ್ತನೆಯ ತರಗತಿಯವರೆಗೆ ನಮ್ಮಲ್ಲಿಯೇ ಕನ್ನಡ ಮಾಧ್ಯಮದಲ್ಲಿ ಕಲಿತವನು, ಈಗ ದುಬೈಯ ಒಂದು ಅತ್ತರಿನ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ. ಕೊಲ್ಲಿಯಿಂದ ಬರುವವರು ಮಾಷ್ಟ್ರಿಗೆ ಒಂದು ಪೆನ್ನು, ತಲೆನೋವಿನ ಮುಲಾಮು, ಬಹಳ ಪ್ರೀತಿಯಿದ್ದರೆ ಒಂದು ಟಾರ್ಚು ತರುವುದು ನಮ್ಮ ಜಿಲ್ಲೆಯ ಸಂಪ್ರದಾಯ. ಇವನು ತಂದದ್ದು ಹೆಬ್ಬೆರಳಿನ ಗಾತ್ರದ ಸೀಸೆ. ಒಳಗೆ ಕಡು ಚಹಾದ ಬಣ್ಣದ ಎಣ್ಣೆ.

"ಸರ್, ಇದರಲ್ಲಿ ಫ್ಯಾಕ್ಟರಿಯ ರಾಸಾಯನಿಕ ಒಂದು ತೊಟ್ಟೂ ಇಲ್ಲ. ಎಲ್ಲ ಹೂವು, ಅಂಟು, ಮರ, ಬೇರು. ಆದರೆ ಹೆಚ್ಚಿನವರು ಒಮ್ಮೆ ಮೂಸಿ ವಾಪಸು ಕೊಡುತ್ತಾರೆ. ನೀವು ಹಾಕಿ ನೋಡಿ ಹೇಗುಂಟು ಅಂತ ಹೇಳಬೇಕು" ಎಂದ.

"ಯಾಕೆ ವಾಪಸು ಕೊಡುವುದು?"

"ಮಲ್ಲಿಗೆ ಅಂತ ಮೂಸುತ್ತಾರೆ, ಚಪ್ಪಲಿ ಸಿಗುತ್ತದೆ ಸರ್."

ಪರಿಮಳದ ವಿಷಯದಲ್ಲಿ ನಾನು ಪಂಡಿತನಲ್ಲ. ಮೈಸೂರು ಸ್ಯಾಂಡಲ್ ಸೋಪು, ಹಬ್ಬಕ್ಕೆ ಊದುಬತ್ತಿ, ಅಪರೂಪಕ್ಕೆ ತಳಂಗರೆಯ ಉರೂಸಿನ ಸಂತೆಯಲ್ಲಿ ಯಾರಾದರೂ ಅಂಗೈಗೆ ತೀಡಿದ ಅತ್ತರು, ಇಷ್ಟೇ ನನ್ನ ಅನುಭವ. ಆದರೂ ಮೂವತ್ತು ಪ್ರಬಂಧಗಳನ್ನು ಓದಿ ಅಂಕ ಕೊಡುವ ಕಸುಬಿನವನಿಗೆ 'ಹೇಗುಂಟು ಹೇಳಿ' ಎಂದರೆ ಸುಮ್ಮನಿರಲಾಗುವುದಿಲ್ಲ. ಒಪ್ಪಿಕೊಂಡೆ.

ಹುಡುಗ ಹೋಗುವ ಮೊದಲು ಹಾಕುವ ಕ್ರಮವನ್ನೂ ಹೇಳಿಕೊಟ್ಟ. ಸೀಸೆಯ ಬಾಯಿಗೆ ಮೂಗು ಹಿಡಿದು ತೀರ್ಪು ಕೊಡಬಾರದು. ಸ್ನಾನವಾದ ಮೇಲೆ, ಸೋಪಿನ ವಾಸನೆ ಆರಿದ ಮೇಲೆ, ಮಣಿಕಟ್ಟಿಗೆ ಒಂದೇ ಹನಿ. ಎರಡು ಕೈಗಳನ್ನು ಉಜ್ಜಬಾರದು. ಆಮೇಲೆ ಕೈಯನ್ನು ಮರೆತು ಕೆಲಸ ಮಾಡಿಕೊಂಡಿರಬೇಕು, ಆಗಾಗ ಮಾತ್ರ ನೋಡಬೇಕು. ಪದೇ ಪದೇ ಮೂಸಿದರೆ ಮೂಗು ದಣಿದು ಅದೇ ಪರಿಮಳಕ್ಕೆ ಕಿವುಡಾಗುತ್ತದೆ. ಮೊದಲ ಹದಿನೈದು ನಿಮಿಷದಲ್ಲಿ ಹಾರಿಹೋಗುವುದು ಒಂದು, ನಡುವಿನ ಗಂಟೆಗಳಲ್ಲಿ ನಿಲ್ಲುವುದು ಇನ್ನೊಂದು, ಸಂಜೆಗೆ ಚರ್ಮದಲ್ಲಿ ಉಳಿಯುವುದು ಮತ್ತೊಂದು. ಮೂರನ್ನೂ ಕಾಣದೆ ಮಾತಾಡುವವನು ಪ್ರಸಂಗದ ಪೂರ್ವರಂಗ ಮಾತ್ರ ನೋಡಿ ಆಟ ಹೇಗಿತ್ತೆಂದು ಹೇಳಿದ ಹಾಗೆ.

ಭಾನುವಾರ ಬೆಳಿಗ್ಗೆ ಹಾಗೆಯೇ ಮಾಡಿದೆ. ಮೊದಲು ಬಂದದ್ದು ಹೂವಲ್ಲ, ಹೊಗೆ. ಗೇರುಬೀಜ ಸುಡುವಾಗ ಕಣ್ಣಿಗೆ ಹೊಡೆಯುವ ಆ ಕಟು, ಅದರ ಬೆನ್ನಿಗೆ ಹೊಸ ಚರ್ಮದ ಚೀಲವನ್ನು ಮೊದಲ ಸಲ ತೆರೆದಾಗಿನ ಗಮ. ನಾನು ಪಡಸಾಲೆಯಲ್ಲಿ ಕುಳಿತಿದ್ದೆ. ಒಳಗಿನ ಕೋಣೆಯಿಂದ ನನ್ನ ತಾಯಿಯ ಧ್ವನಿ: "ಯಾರು ಚಪ್ಪಲಿ ಒಳಗೆ ತಂದದ್ದು?"

ಅವರಿಗೆ ಎಪ್ಪತ್ತೈದು ದಾಟಿದೆ. ಕಣ್ಣು ಮಂಜು, ಕಿವಿ ಮಂದ, ಮೂಗು ಮಾತ್ರ ಇನ್ನೂ ಮನೆಯ ಯಜಮಾನಿಕೆ ಬಿಟ್ಟುಕೊಟ್ಟಿಲ್ಲ. ಚಪ್ಪಲಿಯಲ್ಲ, ಸೆಂಟು ಎಂದು ಹೇಳಿ ಕೈ ಮುಂದೆ ಚಾಚಿದೆ. ಮೂಸಿದರು. ಮುಖ ಸಿಂಡರಿಸಿ, "ಇದಕ್ಕೆ ದುಡ್ಡು ಕೊಟ್ಟೆಯಾ?" ಎಂದರು. ಒಂದು ಕ್ಷಣ ಬಿಟ್ಟು ಅದೇ ಕೈಯನ್ನು ಮತ್ತೆ ಹತ್ತಿರಕ್ಕೆಳೆದು, "ಮಲ್ಲಿಗೆಯೂ ಉಂಟಲ್ಲ" ಎಂದರು.

ಅಷ್ಟರಲ್ಲಿ ಮಲ್ಲಿಗೆ ಬಂದಿತ್ತು. ನಮ್ಮ ಕಡೆ ಅಟ್ಟೆ, ಚೆಂಡು ಎಂದು ಲೆಕ್ಕ ಹಿಡಿದು ಮಾರುವ ಬಿಳಿ ಬಿರಿಮೊಗ್ಗಿನ ಪರಿಮಳವಲ್ಲ ಅದು. ಮದುವೆಯ ರಾತ್ರಿ ತಲೆಯಿಂದ ತೆಗೆದು ಕನ್ನಡಿಯ ಮೊಳೆಗೆ ತೂಗುಹಾಕಿದ ಮಾಲೆಯಿಂದ ಮರುದಿನ ಬೆಳಿಗ್ಗೆ ಬರುತ್ತದಲ್ಲ, ತುಸು ಹಣ್ಣಾದ, ತುಸು ಕೊಳೆತ, ಆದರೂ ಬಿಟ್ಟು ಹೋಗಲು ಮನಸ್ಸಾಗದ ಪರಿಮಳ, ಅದು. ಇದಕ್ಕೆ ಕಾರಣವುಂಟು. ಮಲ್ಲಿಗೆಯಲ್ಲಿ ಇಂಡೋಲ್ ಎಂಬ ವಸ್ತು ಇದೆ. ಹೆಚ್ಚಾದಾಗ ಅದು ಮಲದ ವಾಸನೆಯೇ ಸೈ, ಮಲದಲ್ಲಿಯೂ ಇರುವುದು ಅದೇ. ಹೂವಿನಲ್ಲಿ ಚಿಟಿಕೆಯಷ್ಟು ಇದ್ದಾಗ ಅದೇ ವಸ್ತು ಮಲ್ಲಿಗೆಗೆ ಮಾಂಸ ತುಂಬುತ್ತದೆ. ಅಗ್ಗದ ಮಲ್ಲಿಗೆ ಸೆಂಟುಗಳಲ್ಲಿ ಈ ಕೊಳೆಯನ್ನು ತೆಗೆದು ಚೊಕ್ಕಟ ಮಾಡಿರುತ್ತಾರೆ, ಆದ್ದರಿಂದ ಅವು ಮಲ್ಲಿಗೆಗಿಂತ ಹೆಚ್ಚಾಗಿ ಮಲ್ಲಿಗೆಯ ಚಿತ್ರವಿರುವ ಪೌಡರ್ ಡಬ್ಬಿಯಂತಿರುತ್ತವೆ.

ಸೀಸೆಯೊಂದಿಗಿದ್ದ ಚೀಟಿಯಲ್ಲಿ ಒಳಗಿನ ವಸ್ತುಗಳ ಪಟ್ಟಿಯಿತ್ತು. ಮಲ್ಲಿಗೆ, ಸುಗಂಧರಾಜ, ಸಂಪಿಗೆ, ಲಾವಂಚ, ಲಾಬ್ದಾನಂ ಅಂಟು, ನಖ, ಭೂರ್ಜದ ತಾರೆಣ್ಣೆ, ಇವೆಲ್ಲಕ್ಕೂ ಆಧಾರವಾಗಿ ಗಂಧದೆಣ್ಣೆ. ಎರಡು ಸಲ ಓದಿದೆ. ಚರ್ಮದ ಹೆಸರೇ ಇಲ್ಲ! ಚಪ್ಪಲಿ ಒಳಗೆ ತಂದವರು ಯಾರು ಎಂಬ ಪ್ರಶ್ನೆ ನನಗೂ ಬಂತು.

ಚರ್ಮದ ವಾಸನೆ ಎಂದು ನಾವು ಕರೆಯುವುದು ಬಹುಪಾಲು ಚರ್ಮದ್ದಲ್ಲ, ಚರ್ಮಕ್ಕೆ ಮಾಡಿದ ಸಂಸ್ಕಾರದ್ದು. ಹಸಿ ತೊಗಲು ಬಿಟ್ಟರೆ ಕೊಳೆಯುತ್ತದೆ. ಅದನ್ನು ಸುಣ್ಣದ ನೀರಿನಲ್ಲಿ ನೆನೆಸಿ, ಕೂದಲು ತೆಗೆದು, ಮರದ ತೊಗಟೆಯ ಒಗರಿನಲ್ಲಿ ಹದ ಮಾಡಬೇಕು. ದಕ್ಷಿಣ ಭಾರತದಲ್ಲಿ ಇದಕ್ಕೆ ತಂಗಡಿಯ ತೊಗಟೆ, ಅಳಲೆಕಾಯಿ. ಯುರೋಪಿನಲ್ಲಿ ಓಕ್ ಮರದ ತೊಗಟೆ. ರಷ್ಯದವರು ಹದ ಮಾಡಿದ ಚರ್ಮಕ್ಕೆ ಕೊನೆಗೆ ಭೂರ್ಜದ ತೊಗಟೆಯಿಂದ ಇಳಿಸಿದ ಎಣ್ಣೆಯನ್ನು ತಿಕ್ಕುತ್ತಿದ್ದರು. ನೀರು ಹಿಡಿಯಬಾರದು, ಹುಳ ಹತ್ತಬಾರದು ಎಂಬುದಷ್ಟೇ ಉದ್ದೇಶ. ಆ ಚರ್ಮ ಬೂಟುಗಳಾಗಿ, ಪುಸ್ತಕದ ರಟ್ಟಾಗಿ ಯುರೋಪಿನಲ್ಲೆಲ್ಲ ಹರಡಿದಾಗ ಅದರ ಹೊಗೆವಾಸನೆಯೇ 'ಒಳ್ಳೆಯ ಚರ್ಮ'ದ ವಾಸನೆಯೆಂದು ಜನರ ಮೂಗಿನಲ್ಲಿ ಕುಳಿತುಬಿಟ್ಟಿತು.

ಭೂರ್ಜಪತ್ರ ಎಂದರೆ ನಮಗೆ ಹಿಮಾಲಯದ ಹಸ್ತಪ್ರತಿಗಳ ನೆನಪು. ಅದೇ ಕುಲದ ಮರ ಅಲ್ಲಿಯೂ ಬೆಳೆಯುತ್ತದೆ. ತಾರೆಣ್ಣೆ ಇಳಿಸುವ ಕ್ರಮ ನಮ್ಮ ಹಿರಿಯರಿಗೆ ಹೊಸತಲ್ಲ. ತೆಂಗಿನ ಗೆರಟೆಯ ಚೂರುಗಳನ್ನು ಮಡಕೆಯಲ್ಲಿ ತುಂಬಿ, ಗಾಳಿ ಹೋಗದಂತೆ ಮುಚ್ಚಿ, ಸುತ್ತ ಬೆಂಕಿ ಹಾಕಿದರೆ ಅಡಿಯಲ್ಲಿಟ್ಟ ಪಾತ್ರೆಗೆ ಕಪ್ಪು ಗೆರಟೆ ಎಣ್ಣೆ ಇಳಿಯುತ್ತದೆ. ಕಜ್ಜಿ ತುರಿಗೆ ಹಚ್ಚುತ್ತಿದ್ದರು. ಗೆರಟೆಯ ಬದಲು ಭೂರ್ಜದ ತೊಗಟೆ ಹಾಕಿದರೆ ರಷ್ಯದ ಚರ್ಮ. ನನ್ನ ಮಣಿಕಟ್ಟಿನ ಮೇಲೆ ಮೊದಲು ಎದ್ದ ಹೊಗೆ ಇದೇ.

ಪಟ್ಟಿಯಲ್ಲಿದ್ದ ಉಳಿದ ಎರಡೂ ಕುತೂಹಲದವು. ನಖ ಎಂದರೆ ಕಡಲ ಶಂಖುಹುಳದ ಬಾಯಿಮುಚ್ಚಳ. ನಮ್ಮ ಧೂಪದ ಸಾಮಗ್ರಿಗಳಲ್ಲಿ ಪುರಾತನದಿಂದ ಇರುವಂಥದು. ಉತ್ತರದಲ್ಲಿ ಅದನ್ನು ಸುಟ್ಟು ಎಣ್ಣೆ ಇಳಿಸುತ್ತಾರೆ, ಕಡಲು ಮತ್ತು ಹೊಗೆ ಎರಡೂ ಸೇರಿದ ವಾಸನೆ. ಲಾಬ್ದಾನಂ ಮೆಡಿಟರೇನಿಯನ್ ಸೀಮೆಯ ಒಂದು ಪೊದೆಯ ಅಂಟು. ಕ್ರೀಟ್ ದ್ವೀಪದಲ್ಲಿ ಚರ್ಮದ ಪಟ್ಟಿಗಳನ್ನು ಕಟ್ಟಿದ ಕುಂಟೆಯಂಥ ಸಾಧನವನ್ನು ಬಿಸಿಲಿನಲ್ಲಿ ಪೊದೆಯ ಮೇಲೆ ಎಳೆದು, ಪಟ್ಟಿಗೆ ಹತ್ತಿದ ಅಂಟನ್ನು ಕೆರೆದು ತೆಗೆಯುವ ರೂಢಿ. ಚರ್ಮದ ವಾಸನೆ ಕೊಡುವ ವಸ್ತುವನ್ನು ಸಂಗ್ರಹಿಸುವುದೂ ಚರ್ಮದಿಂದಲೇ.

ಹೂವನ್ನೂ ಚರ್ಮವನ್ನೂ ಜೋಡಿಸಿದವರು ಯಾರು? ಫ್ರಾನ್ಸಿನ ದಕ್ಷಿಣದಲ್ಲಿ ಗ್ರಾಸ್ ಎಂಬ ಪಟ್ಟಣವಿದೆ. ಇಂದು ಸುಗಂಧಗಳ ರಾಜಧಾನಿ ಎಂದು ಹೆಸರಾದ ಈ ಊರು ಮೂಲದಲ್ಲಿ ಚರ್ಮ ಹದ ಮಾಡುವವರ ಊರು. ಶ್ರೀಮಂತರಿಗೆ ಕೈಗವಸು ಬೇಕು, ಕೈಗವಸಿನ ನಾತ ಬೇಡ. ಆದ್ದರಿಂದ ಅಲ್ಲಿನವರು ಕೈಗವಸಿನ ಚರ್ಮಕ್ಕೆ ಹೂವಿನ ಪರಿಮಳ ಹಿಡಿಸಲು ಕಲಿತರು. 17ನೆಯ ಶತಮಾನದಲ್ಲಿ ಫ್ರಾನ್ಸಿನಲ್ಲಿ 'ಕೈಗವಸು ಮತ್ತು ಸುಗಂಧ ತಯಾರಕರು' ಎಂಬ ಒಂದೇ ಕಸುಬಿನ ಸಂಘವಿತ್ತು. ಕಾಲಕ್ರಮದಲ್ಲಿ ಚರ್ಮದ ವ್ಯಾಪಾರ ಇಳಿಯಿತು, ಅದರ ನಾತ ಮುಚ್ಚಲು ಬೆಳೆಸಿದ ಹೂತೋಟಗಳು ಉಳಿದವು. ಗ್ರಾಸ್‌ನ ಸುಗಂಧ ಕೌಶಲವನ್ನು 2018ರಲ್ಲಿ ಯುನೆಸ್ಕೋ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಗೌರವದ ಬುಡದಲ್ಲಿ ಒಂದು ಹದ ಮಾಡುವ ತೊಟ್ಟಿ ಇದೆ ಎಂಬುದನ್ನು ಮರೆಯುವಂತಿಲ್ಲ.

ವಿನೋದವೆಂದರೆ, ಮುಚ್ಚಲು ಅಷ್ಟು ಶತಮಾನ ಹೆಣಗಿದ ವಾಸನೆಯನ್ನು 20ನೆಯ ಶತಮಾನದಲ್ಲಿ ಸೀಸೆಗೆ ತುಂಬಿ ಮಾರತೊಡಗಿದರು. 1919ರಲ್ಲಿ ಕ್ಯಾರನ್ ಮನೆಯ 'ತಬಾ ಬ್ಲೋಂ' ಬಂತು. ಶನೆಲ್ ಮನೆಯವರು 'ಕ್ಯುಯಿರ್ ದ ರ್ಯುಸ್ಸಿ', ಅಂದರೆ ರಷ್ಯದ ಚರ್ಮ ಎಂದೇ ಹೆಸರಿಟ್ಟರು. 1944ರಲ್ಲಿ ಜರ್ಮೇನ್ ಸೆಲ್ಲಿಯೆ ಎಂಬ ಮಹಿಳೆ 'ಬಂಡೀ' ಎಂಬುದನ್ನು ರಚಿಸಿದಳು. ಅದರಲ್ಲಿ ಚರ್ಮದ ಕಟು ಬಂದದ್ದು ಕ್ವಿನೋಲಿನ್ ಜಾತಿಯ ಕೃತಕ ರಾಸಾಯನಿಕದಿಂದ.

ನಮ್ಮಲ್ಲಿಯೂ ಈ ನೆಂಟಸ್ತಿಕೆ ಇಲ್ಲದಿಲ್ಲ. ಉತ್ತರ ಪ್ರದೇಶದ ಕನೌಜಿನಲ್ಲಿ ತಾಮ್ರದ ಹಂಡೆಯಲ್ಲಿ ಹೂವು ಬೇಯಿಸಿ, ಬಿದಿರಿನ ಕೊಳವೆಯಲ್ಲಿ ಆವಿ ಹಾಯಿಸಿ ಗಂಧದೆಣ್ಣೆಗೆ ಇಳಿಸುತ್ತಾರೆ. ಹಾಗೆ ತೆಗೆದ ಅತ್ತರನ್ನು ಒಂಟೆಯ ಚರ್ಮದ ಕುಪ್ಪಿಗಳಲ್ಲಿ ತುಂಬಿಡುವುದು ಹಳೆಯ ಪದ್ಧತಿ. ಚರ್ಮದ ಮೂಲಕ ನೀರಿನ ಪಸೆ ಆರಿಹೋಗುತ್ತದೆ, ಎಣ್ಣೆ ಉಳಿಯುತ್ತದೆ. ಗಾಜಿಗೆ ಆ ಗುಣವಿಲ್ಲ. ಹಾಗೆಯೇ ಸುಗಂಧ ಶಾಸ್ತ್ರವೆಂದರೆ ಫ್ರಾನ್ಸಿನದು ಎಂದು ತಿಳಿದವರಿಗೆ ಒಂದು ಮಾತು: ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಗಂಧಯುಕ್ತಿ ಎಂಬ ಅಧ್ಯಾಯವೇ ಇದೆ, ಮತ್ತು 1025ರ ಸುಮಾರಿಗೆ ಚಾವುಂಡರಾಯನೆಂಬವನು ಕನ್ನಡದಲ್ಲಿ ಬರೆದ 'ಲೋಕೋಪಕಾರ'ದಲ್ಲಿ ಅಡುಗೆ, ಕೃಷಿ, ವೈದ್ಯದ ಜತೆಗೆ ಸುಗಂಧ ತಯಾರಿಯೂ ಸೇರಿದೆ. ಸಾವಿರ ವರ್ಷದ ಹಿಂದೆ ಕನ್ನಡದಲ್ಲಿ ಇದನ್ನು ಬರೆಯಬಹುದಾಗಿತ್ತು ಎಂಬ ಧೈರ್ಯದಿಂದಲೇ ನಾನೂ ಬರೆಯುತ್ತಿದ್ದೇನೆ.

ಇನ್ನು 'ಸಹಜ' ಎಂಬ ಮಾತು. ಕೂಮರಿನ್ ಎಂಬ ಪರಿಮಳದ್ರವ್ಯವನ್ನು 1868ರಲ್ಲಿ ಪರ್ಕಿನ್ ಪ್ರಯೋಗಶಾಲೆಯಲ್ಲಿ ತಯಾರಿಸಿದ. ಅದನ್ನು ಸೇರಿಸಿದ ಸುಗಂಧ 1882ರಲ್ಲಿ ಪೇಟೆಗೆ ಬಂತು. ಅಲ್ಲಿಂದ ಮುಂದೆ ಸುಗಂಧವೆಂದರೆ ಹೆಚ್ಚಿನಂಶ ರಸಾಯನಶಾಸ್ತ್ರವೇ. ಇದರ ವಿರುದ್ಧ ಮತ್ತೆ ಹೂವು ಅಂಟುಗಳಿಗೇ ಮರಳಿದವರಲ್ಲಿ ಅಮೆರಿಕದ ಬರ್ಕ್ಲಿಯ ಮ್ಯಾಂಡಿ ಆಫ್ಟೆಲ್ ಎಂಬಾಕೆ ಮುಖ್ಯರು. 2001ರಲ್ಲಿ ಅವರ ಪುಸ್ತಕ ಬಂದ ಮೇಲೆ ಸಣ್ಣ ಪ್ರಮಾಣದಲ್ಲಿ ಸಹಜ ಸುಗಂಧ ಮಾಡುವವರು ಅಲ್ಲಲ್ಲಿ ಹುಟ್ಟಿಕೊಂಡರು. ಹೂವು ಮತ್ತು ಚರ್ಮವನ್ನೇ ಜೋಡಿಸಿದ ಒಂದನ್ನು ಅವರೂ 2013ರಲ್ಲಿ ಹೊರತಂದಿದ್ದಾರೆ.

ಸಹಜವೆಂದರೆ ಒಳ್ಳೆಯದು, ಕೃತಕವೆಂದರೆ ವಿಷ ಎಂಬ ವಾದವನ್ನು ನಾನು ಒಪ್ಪುವವನಲ್ಲ. ನಮ್ಮ ಕಾಡಿನ ಕಾಸರ್ಕನ ಕಾಯಿಯೂ ಸಹಜವೇ. ಭೂರ್ಜದ ಕಚ್ಚಾ ತಾರೆಣ್ಣೆಯನ್ನು ಸುಗಂಧಗಳಲ್ಲಿ ಬಳಸಬಾರದೆಂದು ಅಂತರರಾಷ್ಟ್ರೀಯ ಸುಗಂಧ ಸಂಘದ ನಿಯಮವಿದೆ, ಏಕೆಂದರೆ ಸುಟ್ಟ ತಾರಿನಲ್ಲಿ ಕ್ಯಾನ್ಸರಿಗೆ ಕಾರಣವಾಗಬಲ್ಲ ಅಂಶಗಳಿರುತ್ತವೆ. ಶುದ್ಧೀಕರಿಸಿದ್ದನ್ನು ಮಿತಿಯೊಳಗೆ ಮಾತ್ರ ಬಳಸಬೇಕು. ಸಹಜದ ನಿಜವಾದ ವ್ಯತ್ಯಾಸ ಬೇರೆ. ಕೃತಕ ಸೆಂಟು ಬಸ್ಸಿನಲ್ಲಿ ನಮಗಿಂತ ಮೊದಲೇ ಹತ್ತಿ ಸೀಟು ಹಿಡಿಯುತ್ತದೆ. ಇದು ಹಾಗಲ್ಲ. ಹತ್ತಿರ ಬಂದವರಿಗೆ ಮಾತ್ರ ಸಿಗುತ್ತದೆ, ಬೇಗ ಬದಲಾಗುತ್ತದೆ, ಬೇಗ ಮುಗಿಯುತ್ತದೆ. ಒಂದೇ ಹೂವಿನ ಸತ್ವ ಈ ವರ್ಷದ ಹಾಗೆ ಮುಂದಿನ ವರ್ಷ ಇರುವುದಿಲ್ಲ. ಬೆಲೆಯೂ ಹಾಗೆಯೇ. ಮಲ್ಲಿಗೆ ಹೆಚ್ಚು ಬಿಸಿ ತಾಳುವ ಹೂವಲ್ಲವಾದ್ದರಿಂದ ಅದನ್ನು ದ್ರಾವಕದಲ್ಲಿ ನೆನೆಸಿ ಮೇಣದಂಥ ಮುದ್ದೆ ಮಾಡಿ, ಅದರಿಂದ ಸತ್ವ ತೆಗೆಯುತ್ತಾರೆ. ಒಂದು ಕಿಲೋ ಸತ್ವಕ್ಕೆ ನೂರಾರು ಕಿಲೋ ಹೂವು ಬೇಕು. ಈ ಸತ್ವಕ್ಕೆ ತಮಿಳುನಾಡು ಲೋಕಪ್ರಸಿದ್ಧ. ಮದುರೆಯ ಹಾಗೆಯೇ ಸತ್ಯಮಂಗಲದ ಸುತ್ತಲೂ ಮಲ್ಲಿಗೆ ಬೇಸಾಯ ದೊಡ್ಡದು. ನಮ್ಮಂತೆಯೇ ಗಡಿಯಾಚೆ ಉಳಿದ ತಾಳವಾಡಿಯ ಕನ್ನಡಿಗರು ಘಟ್ಟ ಇಳಿದರೆ ಸಿಗುವುದು ಆ ಸತ್ಯಮಂಗಲವೇ.

ಸೋಮವಾರ ಅದನ್ನೇ ಹಾಕಿಕೊಂಡು ಶಾಲೆಗೆ ಹೋದೆ. ಸ್ಟಾಫ್ ರೂಮಿನಲ್ಲಿ ಯಾರೂ ಏನೂ ಹೇಳಲಿಲ್ಲ. ದೊಡ್ಡವರಿಗೆ ಮೂಗಿನ ಮಾತಾಡಲು ಸಂಕೋಚ. ಒಂಬತ್ತನೆಯ ತರಗತಿಯಲ್ಲಿ ಮಾತ್ರ ಪಾಠ ಬದಿಗಿಟ್ಟು, ಮಕ್ಕಳನ್ನು ಸಾಲಾಗಿ ಬರಹೇಳಿ ಮಣಿಕಟ್ಟು ಮೂಸಿಸಿ, ಏನನ್ನಿಸಿತೋ ಐದು ಸಾಲು ಬರೆಯಿರಿ ಎಂದೆ. ಬಂದ ಉತ್ತರಗಳು: ಹೊಸ ಚಪ್ಪಲಿ. ದೇವಸ್ಥಾನದ ಒಳಗೆ ಯಾರೋ ಬೀಡಿ ಸೇದಿದ ಹಾಗೆ. ಅಜ್ಜನ ಬೆಲ್ಟು. ಒಬ್ಬ ಹುಡುಗ ಬರೆದ: 'ಮದುಮಗಳು ಕುಳಿತು ಹೋದ ಕಾರು.' ಸೀಟಿನ ಚರ್ಮ, ತಲೆಯ ಮಲ್ಲಿಗೆ, ಕಿಟಕಿ ಮುಚ್ಚಿದ ಸೆಕೆ, ಎಲ್ಲವೂ ಆ ಒಂದು ಸಾಲಿನಲ್ಲಿದ್ದವು. ಸುಗಂಧದ ಮೇಲೆ ನಾನು ಇಷ್ಟು ಹೊತ್ತು ಬರೆದದ್ದಕ್ಕಿಂತ ಅದೇ ಮೇಲು ಎಂದು ಪ್ರಾಮಾಣಿಕವಾಗಿ ಹೇಳುತ್ತೇನೆ.

ಮೂವತ್ತರಲ್ಲಿ ಇಪ್ಪತ್ತು ಮಕ್ಕಳು 'ವಾಸನೆ' ಎಂಬ ಪದವನ್ನು ಕೆಟ್ಟದ್ದೆಂಬ ಅರ್ಥದಲ್ಲಿಯೇ ಬಳಸಿದ್ದರು. 'ಸರ್, ಮೊದಲು ವಾಸನೆ, ಆಮೇಲೆ ಪರಿಮಳ' ಎಂದು. ಕನ್ನಡದಲ್ಲಿ ವಾಸನೆ ಎಂಬುದು ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಸಲ್ಲುತ್ತಿದ್ದ ಪದ. ಈಗ ಮೆಲ್ಲನೆ ಕೆಟ್ಟದ್ದರ ಕಡೆಗೆ ಜಾರುತ್ತಿದೆ. ನೆರೆಯ ತಮಿಳಿನಲ್ಲಿ ಹೀಗೆಯೇ ಆಯಿತು. ಹಳೆಯ ಕಾವ್ಯಗಳಲ್ಲಿ ಹೂವಿನ ಕಂಪಿಗೆ ಹೇಳುತ್ತಿದ್ದ 'ನಾಱ್ಱಂ' ಇಂದು ದುರ್ನಾತ. ಮಲೆಯಾಳದ 'ನಾಟ್ಟಂ', ನಮ್ಮ 'ನಾತ' ಎಲ್ಲ ಅದರ ಬಳಗ. ಪದಗಳೂ ಹೂವಿನಂತೆ ಬೇಗ ಕೆಡುತ್ತವೆಯೋ ಏನೋ. ನಮ್ಮ ತರಗತಿಯಲ್ಲಿ ಮಕ್ಕಳು ಕೊನೆಗೆ ಮಲೆಯಾಳದ 'ಮಣ'ಕ್ಕೇ ಶರಣಾದರು, ಅದು ಇನ್ನೂ ಎರಡೂ ಕಡೆ ಸಲ್ಲುತ್ತದಂತೆ.

ಯಕ್ಷಗಾನ ಕಲಿಯುತ್ತಿರುವ ಹುಡುಗಿಯೊಬ್ಬಳ ಹಾಳೆಯಲ್ಲಿ ಒಂದೇ ಪದವಿತ್ತು: 'ಚೌಕಿ.'

ಓದಿದ ಕೂಡಲೇ ನನ್ನ ಮೂಗಿಗೆ ಉತ್ತರ ಸಿಕ್ಕಿತು. ಎರಡು ದಿನದಿಂದ ಎಲ್ಲೋ ಕಂಡಿದ್ದೇನೆ ಎಂದು ಹುಡುಕುತ್ತಿದ್ದದ್ದು ಇದನ್ನೇ. ಪಾರ್ತಿಸುಬ್ಬನ ಸೀಮೆಯವರಿಗೆ ಚೌಕಿಯ ಪರಿಚಯ ಮಾಡಿಕೊಡಬೇಕಾಗಿಲ್ಲ. ರಾತ್ರಿ ಎಂಟು ಗಂಟೆಗೆ ಟೆಂಟಿನ ಹಿಂದೆ ಇಣುಕಿದರೆ ಮುಖದ ಬಣ್ಣ ಕಲಸುವ ಕೊಬ್ಬರಿ ಎಣ್ಣೆ, ಗಣಪತಿಯ ಮುಂದಿಟ್ಟ ಹೂವು, ಹಿಂದಿನ ರಾತ್ರಿಯ ಬೆವರು ಆರಿದ ವಸ್ತ್ರ, ಮೂಲೆಯಲ್ಲಿ ಶ್ರುತಿಗೆ ಬಿಗಿಯುತ್ತಿರುವ ಮದ್ದಳೆಯ ಮುಚ್ಚಿಗೆ. ಚರ್ಮ ಮತ್ತು ಮಲ್ಲಿಗೆ. ಚಿಕ್ಕಂದಿನಲ್ಲಿ ಅಲ್ಲಿಂದ ಎದ್ದು ಬರಲು ನನಗೆ ಮನಸ್ಸಿರುತ್ತಿರಲಿಲ್ಲ. ಮನೆಯಲ್ಲಿ ಚಪ್ಪಲಿ ಜಗಲಿ ಹತ್ತಬಾರದು, ಆಟದಲ್ಲಿ ಮದ್ದಳೆಗೆ ನಮಸ್ಕಾರ ಮಾಡಿ ಬಾರಿಸಬೇಕು. ಎರಡೂ ತೊಗಲೇ ಎಂಬುದು ಯಾವ ಮಗುವಿಗೂ ಹೊಳೆಯುವುದಿಲ್ಲ, ಯಾರೂ ಹೇಳುವುದೂ ಇಲ್ಲ.

ಇಲ್ಲಿ ಒಂದು ಹಳೆಯ ಸಂಗತಿ ಬರೆಯಬೇಕಾಗಿದೆ. ನಾನು ಐದನೆಯ ತರಗತಿಯಲ್ಲಿದ್ದಾಗ ನನ್ನ ಬೆಂಚಿನಲ್ಲಿ ಒಬ್ಬ ಹುಡುಗನಿದ್ದ. ಅವನ ತಂದೆ ಬಸ್ ನಿಲ್ದಾಣದ ಮರದ ಕೆಳಗೆ ಚಪ್ಪಲಿ ಹೊಲಿಯುತ್ತಿದ್ದರು. ಲೆಕ್ಕದಲ್ಲಿ ಅವನು ನನಗಿಂತ ಮುಂದೆ. ಒಂದು ದಿನ ನಾನು ಎದ್ದು ನಿಂತು ಗುರುಗಳಿಗೆ, ಇವನಿಂದ ಚರ್ಮದ ವಾಸನೆ ಬರುತ್ತದೆ ಎಂದು ದೂರು ಹೇಳಿದೆ. ವಾಸನೆ ನಿಜವಾಗಿ ಬರುತ್ತಿತ್ತೋ, ಬರಬೇಕೆಂದು ಮನೆಯಲ್ಲಿ ಕೇಳಿ ತಿಳಿದಿದ್ದೆನೋ ಈಗ ಹೇಳಲಾರೆ. ಗುರುಗಳು ನನ್ನನ್ನು ಗದರಿಸಲಿಲ್ಲ. ಅವನನ್ನು ಕೊನೆಯ ಬೆಂಚಿಗೆ ಕಳುಹಿಸಿದರು. ಅಲ್ಲಿ ಅವನೊಬ್ಬನೇ ಕುಳಿತ. ಏಳನೆಯದಕ್ಕೆ ಶಾಲೆ ಬಿಟ್ಟ.

ಅವನು ಈಗ ನಮ್ಮೂರಿನಿಂದ ಎರಡು ಬಸ್ ಸ್ಟಾಪು ಆಚೆ ಅಂಗಡಿ ಇಟ್ಟುಕೊಂಡು ಚೆಂಡೆ ಮದ್ದಳೆಗಳಿಗೆ ಮುಚ್ಚಿಗೆ ಹಾಕಿಕೊಡುತ್ತಾನೆ. ಮೇಳದವರು ಹುಡುಕಿಕೊಂಡು ಬರುತ್ತಾರೆ. ದಾರಿಯಲ್ಲಿ ಕಂಡರೆ ನಕ್ಕು ಮುಂದೆ ಹೋಗುತ್ತಿದ್ದೆ, ಅಂಗಡಿಯೊಳಗೆ ಕಾಲಿಟ್ಟದ್ದಿಲ್ಲ. ಚರ್ಮದ ಸುಗಂಧಕ್ಕೆ ತೀರ್ಪು ಕೊಡಬೇಕಾದವರು ಈ ಊರಿನಲ್ಲಿ ಯಾರಾದರೂ ಇದ್ದರೆ ಅದು ಅವನೇ ಎಂದು ಚೌಕಿ ಎಂಬ ಪದ ಓದಿದಾಗ ಅನ್ನಿಸಿತು. ಶನಿವಾರ ಮಧ್ಯಾಹ್ನ ಸೀಸೆ ಹಿಡಿದುಕೊಂಡು ಹೋದೆ.

"ಬನ್ನಿ ಮಾಷ್ಟ್ರೆ" ಎಂದು ಎದ್ದ. ಬೆಂಚಿನಲ್ಲಿ 'ನೀನು' ಎನ್ನುತ್ತಿದ್ದವನು. ನಾನೂ 'ನೀವು' ಎಂದೆ. ವಿಷಯ ಹೇಳಿ ಮಣಿಕಟ್ಟು ಚಾಚಿದೆ. ಅವನು ನನ್ನ ಕೈ ಮುಟ್ಟದೆ ಬಾಗಿ ಮೂಸಿದ. ಒಂದು ಸಲ, ಕಣ್ಣು ಮುಚ್ಚಿ ಇನ್ನೊಂದು ಸಲ.

"ಇದು ತೊಗಲಲ್ಲ, ಹೊಗೆ" ಎಂದ. "ಮಳೆಗಾಲದಲ್ಲಿ ಮದ್ದಳೆಯನ್ನು ಒಲೆಯ ಮೇಲಿನ ಅಟ್ಟದಲ್ಲಿಟ್ಟರೆ ಹೀಗೆ ಬರುತ್ತದೆ. ಹಸಿ ತೊಗಲು ಹೀಗಿಲ್ಲ, ಹದ ಮಾಡಿದ್ದು ಹೀಗಿಲ್ಲ. ಇದು ತೊಗಲು ಮುಟ್ಟದವರು ತೊಗಲು ಅಂತ ತಿಳಿದದ್ದು."

ಗ್ರಾಸ್ ಪಟ್ಟಣದ ಇತಿಹಾಸ, ರಷ್ಯದ ಭೂರ್ಜ, ಎಲ್ಲ ಓದಿ ನಾನು ತಲುಪಿದ್ದ ಜಾಗಕ್ಕೆ ಅವನು ಎರಡು ಉಸಿರಿನಲ್ಲಿ ಬಂದಿದ್ದ. ಮಲ್ಲಿಗೆ ಹೇಗುಂಟು ಎಂದು ಕೇಳಿದೆ. "ಆಟ ಮುಗಿದ ಮೇಲಿನದ್ದು. ಆರು ಗಂಟೆಗೆ ಸ್ತ್ರೀವೇಷದವರು ತುರುಬಿನಿಂದ ಬಿಚ್ಚಿಡುತ್ತಾರಲ್ಲ, ಆ ಮಾಲೆ. ಮಾಡಿದವನು ಗಟ್ಟಿಗ, ಹೂ ಬಾಡಿದ್ದನ್ನೇ ತೆಗೆದಿದ್ದಾನೆ."

ಆಮೇಲೆ ಅವನೇ ಒಳಗಿನಿಂದ ಮೂರು ತುಂಡು ಚರ್ಮ ತಂದು ಒಂದೊಂದಾಗಿ ಮೂಸಲು ಕೊಟ್ಟ. ಒಂದರಲ್ಲಿ ಸುಣ್ಣದ ಗೋಡೆಯ ತಂಪು. ಒಂದರಲ್ಲಿ ಬಹುತೇಕ ಏನೂ ಇಲ್ಲ, ಬಿಸಿಲಿಗೆ ಒಣಗಿದ ಕಾಗದದ ಹಾಗೆ. ಮೂರನೆಯದು ಹಳೆಯ ಮದ್ದಳೆಯಿಂದ ತೆಗೆದ ಮುಚ್ಚಿಗೆ, ಅದರಲ್ಲಿ ಬಾರಿಸಿದವನ ಅಂಗೈಯ ಉಪ್ಪು ಮತ್ತು ಸವೆದ ಕರಿಯ ವಾಸನೆ. ಮೂರರಲ್ಲಿ ಯಾವುದೂ ನಾನು ಐದನೆಯ ತರಗತಿಯಲ್ಲಿ ದೂರು ಹೇಳಿದ ವಾಸನೆಯಲ್ಲ. ಅದನ್ನು ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವನು ತುಂಡುಗಳನ್ನು ಮಡಚುತ್ತ, "ನಿಮಗೆ ಆಗಲೂ ಮೂಗು ಚುರುಕಿತ್ತಲ್ಲ ಮಾಷ್ಟ್ರೆ" ಎಂದು ನಕ್ಕ. ಸಿಟ್ಟಿನ ನಗುವಾಗಿರಲಿಲ್ಲ. ಮರೆತವನ ನಗುವೂ ಆಗಿರಲಿಲ್ಲ. ನಾನು ತಪ್ಪಾಯಿತೆಂದು ಹೇಳಿದೆ. ಸರಿಯಾಗಿ ಕೇಳಿಸಿತೋ ಇಲ್ಲವೋ, ಅವನು ಚಹಾ ತರಲು ಹುಡುಗನನ್ನು ಕೂಗುತ್ತಿದ್ದ.

ಹೊರಡುವಾಗ ಒಂದು ಹನಿ ಹಾಕಲೇ ಎಂದು ಕೇಳಿದೆ. ಕೈ ಹಿಂದಕ್ಕೆಳೆದುಕೊಂಡ. "ಕೈಗೆ ಬೇಡ, ಅಲ್ಲಿ ಬೇರೆಯದುಂಟು. ಇಲ್ಲಿ ಹಾಕಿ" ಎಂದು ಶರ್ಟಿನ ಕಾಲರು ಬಿಡಿಸಿ ಕುತ್ತಿಗೆ ತೋರಿಸಿದ. ಹಾಕಿದೆ.

ಸುಗಂಧದ ಬಗ್ಗೆ ನನ್ನ ಅಂಕಗಳನ್ನೂ ಕೊಡಬೇಕಲ್ಲ. ಮೊದಲ ಹದಿನೈದು ನಿಮಿಷ ಒರಟು, ಬಸ್ಸಿನಲ್ಲಿ ಅಥವಾ ಮದುವೆಯ ಪಂಕ್ತಿಯಲ್ಲಿ ಹಾಕುವಂಥದಲ್ಲ. ಅರ್ಧ ಗಂಟೆಯಿಂದ ಎರಡು ಗಂಟೆಯವರೆಗೆ ಹೊಗೆ ಮತ್ತು ಹೂವು ಒಂದನ್ನೊಂದು ಬಿಡದೆ ನಡೆಯುತ್ತವೆ, ಅದೇ ಇದರ ಉತ್ತಮ ಭಾಗ. ಸಂಪಿಗೆ ನನ್ನ ಮೂಗಿಗೆ ಸಿಗಲೇ ಇಲ್ಲ, ಸುಗಂಧರಾಜ ಸ್ವಲ್ಪ ಹೆಚ್ಚಾಗಿ ಎರಡನೆಯ ಗಂಟೆಯಲ್ಲಿ ತಲೆ ಭಾರವೆನಿಸಿತು. ನಾಲ್ಕು ಗಂಟೆಯ ಹೊತ್ತಿಗೆ ಗಂಧ ಮತ್ತು ಲಾವಂಚದ ಬೇರು ಮಾತ್ರ, ಅದೂ ಮಣಿಕಟ್ಟಿಗೆ ಮೂಗು ತಾಗಿಸಿದರೆ. ನಮ್ಮ ಕರಾವಳಿಯ ಬೆವರಿನಲ್ಲಿ ಇಷ್ಟು ನಿಂತದ್ದೇ ಹೆಚ್ಚು. ಮಳೆ ಬರುವ ಸಂಜೆ ಮನೆಯಲ್ಲಿದ್ದಾಗ ಹಾಕಿದರೆ ಇದಕ್ಕೆ ಸರಿಯಾದ ಹವೆ ಸಿಗುತ್ತದೆ. ನನ್ನ ತಾಯಿ ಈಗ ಚಪ್ಪಲಿಯ ಮಾತು ಎತ್ತುವುದಿಲ್ಲ. ಆದರೆ ಹಾಕಿದ ಕೂಡಲೇ ನಾನು ದೇವರ ಕೋಣೆಯ ಕಡೆ ಹೋಗದಂತೆ ಕಣ್ಣಿಟ್ಟಿರುತ್ತಾರೆ.

ಮೊನ್ನೆ ದುಬೈಯಿಂದ ಹುಡುಗನ ಫೋನ್ ಬಂತು. ಹೇಗಿತ್ತು ಸರ್ ಎಂದ. ಒಳ್ಳೆಯದುಂಟು, ಆದರೆ ಅದು ಚರ್ಮ ಅಲ್ಲ, ಹೊಗೆ, ಮಾಡಿದವರಿಗೆ ತಿಳಿಸು ಎಂದೆ.

"ಅದು ಯಾರು ಹೇಳಿದ್ದು ಸರ್?"

'ನನ್ನ ಬೆಂಚಿನವನು' ಎಂಬ ಮಾತು ಬಾಯಿಗೆ ಬಂದಿತ್ತು. ತರಗತಿಯವನು ಎಂದೆ.